ಅಮೆರಿಕದ ಸ್ಟಾನ್ಲಿ ಕಂಪನಿಯ ತೋಪಡಾ (ಮರ ಹೆರೆಯುವ ಉಪಕರಣ) ಮೇಲಿನ ‘ಪ್ಯಾಟ್ 10-21-84’: ಇದು ತಯಾರಾದ ದಿನವೇ?

ಅಲ್ಲ. ‘ಪ್ಯಾಟ್’ ಎಂದರೆ ಪೇಟೆಂಟ್. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಹಾಗಾಗಿ ಅದು 1884ರ ಅಕ್ಟೋಬರ್ 21, ಸ್ಟಾನ್ಲಿಯ ಸಂಶೋಧಕ ಜಸ್ಟಸ್ ಟ್ರಾಟ್ ಅವರ 306,877ನೇ ಪೇಟೆಂಟ್ ಹೊರಬಂದ ದಿನ. ಅದೂ ಇಡೀ ತೋಪಡಾಕ್ಕಲ್ಲ, ಅಲಗನ್ನು ಎಡಕ್ಕೋ ಬಲಕ್ಕೋ ವಾಲಿಸುವ ಆ ಪುಟ್ಟ ಲಿವರಿಗೆ. ನಿಮ್ಮ ಉಪಕರಣ ಆ ದಿನಕ್ಕಿಂತ ಹಳೆಯದಲ್ಲ ಎಂದಷ್ಟೇ ಇದರಿಂದ ಹೇಳಬಹುದು. ಆಗ ಪೇಟೆಂಟಿನ ಅವಧಿ 17 ವರ್ಷ ಇತ್ತು. ಅಷ್ಟೂ ಕಾಲ ಅದೇ ಮುದ್ರೆ ಒತ್ತಲು ಅಡ್ಡಿಯಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಪೇಟೆಂಟಿನ ದಿನಾಂಕವಾದ 7-24-88 ಕೂಡ ಕಂಡರೆ ಲೆಕ್ಕ 1888ರ ಜುಲೈಯಿಂದ ಶುರು.

ಅಂಕಿ ಸವೆದಿದ್ದರೆ ವಾರ ನೋಡಿ. ಆ ಕಾಲದ ಅಮೆರಿಕನ್ ಪೇಟೆಂಟುಗಳು ಹೊರಬರುತ್ತಿದ್ದುದು ಮಂಗಳವಾರ. 21ನ್ನು 24 ಎಂದು ಓದಿದರೆ ಶುಕ್ರವಾರ ಬರುತ್ತದೆ, ಅಲ್ಲಿಗೆ ಓದಿದ್ದು ತಪ್ಪು ಎಂದು ಗೊತ್ತಾಗುತ್ತದೆ. ಗೂಗಲ್ ಪೇಟೆಂಟ್ಸ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಹಳೆಯವು ಸಿಗುವುದು ಕಷ್ಟ, ಸ್ಕ್ಯಾನ್ ಮಾಡಿದ ಅಕ್ಷರಗಳು ಅಷ್ಟು ಕೆಟ್ಟಿವೆ. ಸಂಖ್ಯೆ ಹಾಕಿ. ಸಂಖ್ಯೆ ಗೊತ್ತಿಲ್ಲದಿದ್ದರೆ ಅಮೆರಿಕದ ಉಪಕರಣ-ಯಂತ್ರಗಳ ಪೇಟೆಂಟ್ ಪಟ್ಟಿಯಾದ ಡೇಟ್ಯಾಂಪ್ (DATAMP) ತಾಣದಲ್ಲಿ ದಿನಾಂಕದಿಂದ ಹುಡುಕಬಹುದು.

ಅಲಗು, ಮೇಲಿನ ಕ್ಯಾಪ್, ಹಿಡಿ ಎಲ್ಲವೂ ಬೇರೆ ತೋಪಡಾದಿಂದ ಬಂದಿರಬಹುದು, ಅವನ್ನು ನೆಚ್ಚಬೇಡಿ. ಲಿವರು ಫ್ರಾಗಿಗೆ (ಅಲಗು ಕೂರುವ ಓರೆಯಾದ ಭಾಗ) ರಿವೆಟ್ ಆಗಿರುತ್ತದೆ, ಆದರೆ ಆ ಫ್ರಾಗೇ ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ, ಹಾಗಾಗಿ ಅದೂ ಬದಲಾಗಿರಬಹುದು. ಮುದ್ರೆಗೆ ಸೀಮೆಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟು, ಹಿತ್ತಾಳೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಸೀಮೆಸುಣ್ಣ ಸವರಿ ಓದಿ. ದಯವಿಟ್ಟು ಗ್ರೈಂಡರ್ ಮುಟ್ಟಿಸಬೇಡಿ: ತುಕ್ಕಿನ ಜೊತೆ ಅಕ್ಷರವೂ ಹೋಗುತ್ತದೆ.