ನಾಟಕ, ಫೋಟೊ, ಕೊಲೆ, ಪ್ರೀತಿ: ನಾಲ್ಕೂ ಬೇಕು ಅಂದವರಿಗೆ ಸ್ಟುಡಿಯೊದವನ ಉತ್ತರ

"ರಂಗಭೂಮಿ, ಫೋಟೊಗ್ರಫಿ, ಕ್ರೈಮ್, ಪ್ರೇಮಕಥೆ, ಈ ನಾಲ್ಕು ನನಗಿಷ್ಟ. ಯಾವ ಸಿನಿಮಾ ನೋಡಲಿ, ಯಾವ ಪುಸ್ತಕ ಓದಲಿ?" ಅಂತ ಕೇಳಿದ್ದೀರಿ. ನಾಲ್ಕೂ ಒಂದರಲ್ಲೇ ಇರುವ ಸಿನಿಮಾ ಇದೆ, ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ತಕ್ಕಡಿ ಯಾವುದು ಅಂತ ನಿಮಗೆ ಗೊತ್ತಿರಲಿ. ಇಲ್ಲದಿದ್ದರೆ ಎಲ್ಲರೂ ಹೊಗಳುವ ಸಿನಿಮಾ ಬಿಟ್ಟು ಇವನೇನು ಬೇರೇನೋ ಹೇಳ್ತಾನೆ ಅನಿಸೀತು.

ದಾವಣಗೆರೆಯ ಹಳೇಪೇಟೆಯಲ್ಲಿ ಅಪ್ಪನ ಫೋಟೊ ಸ್ಟುಡಿಯೊ ಇತ್ತು. ದುಗ್ಗಮ್ಮನ ಜಾತ್ರೆ ಹೊತ್ತಿಗೆ ನಾಟಕ ಕಂಪನಿ ಕ್ಯಾಂಪ್ ಹಾಕಿದರೆ, ಟೆಂಟಿನ ಮುಂದಿನ ಬೋರ್ಡಿಗೆ ಬೇಕಾದ ನಟ ನಟಿಯರ ಫೋಟೊ ನಮ್ಮಲ್ಲೇ ತೆಗೆಸುತ್ತಿದ್ದರು. ಸ್ಟುಡಿಯೊದ ಸೀನರಿ ಪರದೆಯಲ್ಲಿ ಅರಮನೆ ಮೆಟ್ಟಿಲು, ಕೊಳ, ಎರಡು ಹಂಸ ಇದ್ದವು. ಅದನ್ನು ಬರೆದುಕೊಟ್ಟವರೂ ಕಂಪನಿಯೊಂದರ ಪರದೆ ಬರೆಯುತ್ತಿದ್ದ ಪೇಂಟರೇ. ಗಂಡಿನ ಮನೆಗೆ ಕಳಿಸುವ ಫೋಟೊಕ್ಕೆ ಹುಡುಗಿಯರು ಅದೇ ಹಂಸಗಳ ಮುಂದೆ ನಿಲ್ಲುತ್ತಿದ್ದರು. ಊರಾಚೆ ಎಲ್ಲಾದರೂ ಹೆಣ ಸಿಕ್ಕರೆ ಪಂಚನಾಮೆ ಫೋಟೊಕ್ಕೆ ಪೊಲೀಸರು ಕರೆಯುತ್ತಿದ್ದುದೂ ಅಪ್ಪನನ್ನೇ. ನೀವು ಕೇಳಿದ ನಾಲ್ಕೂ ನಮ್ಮ ಮನೆಯಲ್ಲಿ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತಿದ್ದವು.

ನನಗಾಗ ಹದಿನಾರು. ಒಂದು ಸಂಜೆ ಕೆರೆ ಏರಿ ಕೆಳಗೆ ಹೆಣ. ಅಪ್ಪ ಯಾಷಿಕಾ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟರು, ಫ್ಲಾಷ್ ಹಿಡಿಯಲು ನಾನು. ಮುಖದ್ದೊಂದು, ಪೂರ್ತಿ ಮೈಯದ್ದೊಂದು, ಕುತ್ತಿಗೆಯ ಗುರುತಿನದ್ದೊಂದು. ಆಮೇಲೆ ಹವಾಲ್ದಾರರು "ಆ ಜಾಲಿಗಿಡಾನೂ ಕಾಣ್ಬೇಕು ನೋಡ್ರಿ, ಜಾಗ ಯಾವ್ದು ಅಂತ ಗೊತ್ತಾಗ್ಬೇಕಲ್ಲ" ಅಂದರು; ದೂರದಿಂದ ಇನ್ನೊಂದು. ಅಲ್ಲಿಗೆ ನಾಲ್ಕು. ಅದಕ್ಕೆ ಹಾಕುವ 120ರ ಫಿಲಂ ರೋಲಿನಲ್ಲಿ ಹನ್ನೆರಡು ಫೋಟೊ ಬರುತ್ತವೆ. ಉಳಿದ ಎಂಟನ್ನು ಸುಮ್ಮನೆ ಕಳೆಯುವಷ್ಟು ಅನುಕೂಲಸ್ಥರಲ್ಲ ನಾವು. ಮರುದಿನ ಬೆಳಗ್ಗೆ ಒಂದು ನಿಶ್ಚಿತಾರ್ಥ ಇತ್ತು, ರೋಲು ಅಲ್ಲೇ ಮುಗಿಯಿತು. ತೊಳೆದು ಕ್ಲಿಪ್ಪಿಗೆ ನೇತು ಹಾಕಿದಾಗ ಮೇಲೆ ಹೆಣ, ಕೆಳಗೆ ಮದುವೆ ಹೆಣ್ಣು. ಅಪ್ಪ ಮಾತಾಡದೆ ನಾಲ್ಕಕ್ಕೂ ಐದಕ್ಕೂ ನಡುವೆ ಕತ್ತರಿ ಹಾಕಿ ಎರಡು ಕವರಿಗೆ ಹಾಕಿಟ್ಟರು. ಎಷ್ಟೋ ವರ್ಷಕ್ಕೆ ಕೋರ್ಟಿನಿಂದ ಸಮನ್ಸ್ ಬಂತು. ನೆಗೆಟಿವ್ ಸಮೇತ ಹೋಗಿ, ಸಾಕ್ಷಿಕಟ್ಟೆ ಹತ್ತಿ, "ಹೌದು, ನಾನೇ ತೆಗೆದಿದ್ದು" ಅಂತ ಹೇಳಿ ಬಂದರು. ಪತ್ತೇದಾರಿ ಕಥೆಯಲ್ಲಿ ನಮ್ಮಂಥವರ ಪಾರ್ಟು ಅಷ್ಟೇ.

ಹಾಗಾಗಿ ಸಿನಿಮಾ ನೋಡುವಾಗ ಕಥೆಗಿಂತ ಮೊದಲು ನನ್ನ ಕಣ್ಣು ಹೋಗುವುದು ಕೆಲಸದ ಮೇಲೆ. ಇದನ್ನು ಮಾಡಿದವನಿಗೆ ಆ ಕಸುಬು ಗೊತ್ತಾ? ನಾಯಕ ಕೆಂಪು ಬಲ್ಬಿನ ಕೆಳಗೆ ನಿಂತು ಫಿಲಂ ರೋಲು ಬಿಚ್ಚಿದನೋ, ನನ್ನ ಪಾಲಿಗೆ ಆ ಸಿನಿಮಾ ಮುಗಿಯಿತು. ಕೆಂಪು ಬೆಳಕು ನಡೆಯುವುದು ಪ್ರಿಂಟ್ ಹಾಕುವ ಬ್ರೋಮೈಡ್ ಪೇಪರಿಗೆ. ರೋಲು ತೊಳೆಯಲು ಕಗ್ಗತ್ತಲೇ ಬೇಕು. ಇಷ್ಟು ಸಣ್ಣದಕ್ಕೆ ಸುಳ್ಳು ಹೇಳುವವನು ಪ್ರೀತಿಯ ವಿಷಯದಲ್ಲಿ ನಿಜ ಹೇಳುತ್ತಾನೆ ಅಂತ ಹೇಗೆ ನಂಬುವುದು?

ಈಗ ಆ ನಾಲ್ಕೂ ಇರುವ ಸಿನಿಮಾ: ಹಿಚ್‌ಕಾಕ್‌ನ 'ರಿಯರ್ ವಿಂಡೋ', 1954ರದ್ದು. ಕಾಲು ಮುರಿದುಕೊಂಡ ಪತ್ರಿಕಾ ಫೋಟೊಗ್ರಾಫರ್ ಗಾಲಿಕುರ್ಚಿಯಲ್ಲಿ ಕೂತು, ಕಿಟಕಿಯಿಂದ ಎದುರು ಮನೆಗಳನ್ನು ನೋಡುತ್ತಾ ಒಂದು ಕೊಲೆಯ ವಾಸನೆ ಹಿಡಿಯುತ್ತಾನೆ. ಶುರುವಿನಲ್ಲಿ ಬಿದಿರಿನ ತಟ್ಟಿ ಪರದೆಗಳು ಒಂದೊಂದಾಗಿ ಮೇಲೇಳುತ್ತವೆ, ಥೇಟ್ ನಾಟಕದ ಹಾಗೆ. ಎದುರಿನ ಒಂದೊಂದು ಕಿಟಕಿಯೂ ಒಂದೊಂದು ರಂಗ. ಅವನ ಕಾಲು ಹೇಗೆ ಮುರಿಯಿತು ಅಂತ ಮೊದಲಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನುಜ್ಜಾದ ಒಂದು ಕ್ಯಾಮೆರಾ, ರೇಸ್ ಕಾರಿನ ಚಕ್ರ ಹಾರಿ ಬರುವ ಒಂದು ಫೋಟೊ, ಎರಡನ್ನು ತೋರಿಸಿ ಹಿಚ್‌ಕಾಕ್ ಮುಂದೆ ಹೋಗುತ್ತಾನೆ. ಪಂಚನಾಮೆ ಫೋಟೊ ತೆಗೆಯುವವನಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ತಮಾಷೆ ಏನಂದರೆ ಇಡೀ ಸಿನಿಮಾದಲ್ಲಿ ಅವನು ಒಂದೇ ಒಂದು ಫೋಟೊ ಕೂಡ ತೆಗೆಯುವುದಿಲ್ಲ. ಕ್ಯಾಮೆರಾದ ಉದ್ದ ಲೆನ್ಸು ದುರ್ಬೀನಾಗಿ ಕೆಲಸ ಮಾಡುತ್ತದೆ, ಫ್ಲಾಷ್ ಬಲ್ಬು ಕೊನೆಗೆ ಆಯುಧವಾಗುತ್ತದೆ. ಅವನು ಮೊದಲೇ ತೆಗೆದಿದ್ದ ಸ್ಲೈಡ್ ಇಟ್ಟುಕೊಂಡು ಅಂಗಳದ ಹೂಗಿಡ ಈಗ ಮೊದಲಿಗಿಂತ ಗಿಡ್ಡ ಆಗಿದೆ ಅಂತ ಕಂಡುಹಿಡಿಯುವ ದೃಶ್ಯವೊಂದಿದೆ. ಗಿಡ ಎಲ್ಲಾದರೂ ಗಿಡ್ಡ ಆಗುತ್ತಾ? ಯಾರೋ ಅಗೆದು ಮತ್ತೆ ನೆಟ್ಟಿದ್ದಾರೆ. ಇನ್ನು ಪ್ರೀತಿ: ಅವನ ಪ್ರೇಯಸಿ ಪಾತ್ರದ ಗ್ರೇಸ್ ಕೆಲ್ಲಿ ಕೊಲೆಗಾರನ ಮನೆಗೆ ನುಗ್ಗಿ, ಸತ್ತವಳ ಮದುವೆ ಉಂಗುರವನ್ನು ತನ್ನ ಬೆರಳಿಗೆ ಹಾಕಿಕೊಂಡು, ಬೆನ್ನ ಹಿಂದಿನಿಂದ ಕಿಟಕಿಯಾಚೆ ಕೂತವನಿಗೆ ತೋರಿಸುತ್ತಾಳೆ. ಕೊಲೆಗೆ ಸಾಕ್ಷಿಯೂ ಅದೇ, 'ನನ್ನ ಯಾವಾಗ ಮದುವೆ ಆಗ್ತೀಯ' ಅನ್ನುವ ಪ್ರಶ್ನೆಯೂ ಅದೇ. ನಮ್ಮ ಆ 120ರ ರೋಲು ನೆನಪಾಗಿ ನಾನು ಅಲ್ಲಿ ಸಿನಿಮಾ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದಿದ್ದೆ.

ಇದಕ್ಕೆ ಮೂಲ ಕಾರ್ನೆಲ್ ವುಲ್ರಿಚ್ 1942ರಲ್ಲಿ ಬರೆದ ಸಣ್ಣಕತೆ. ಸಿನಿಮಾ ಆದಮೇಲೆ ಓದಿ. ಕತೆಯಲ್ಲಿ ಆ ಪ್ರೇಯಸಿಯೂ ಇಲ್ಲ, ಕ್ಯಾಮೆರಾವೂ ಇಲ್ಲ. ಪ್ರೀತಿ, ಫೋಟೊ ಎರಡನ್ನೂ ಸಿನಿಮಾದವರು ಸೇರಿಸಿದ್ದು.

ಫೋಟೊ ಮತ್ತು ಕೊಲೆ ಮಾತ್ರ ಸಾಕು ಅಂದರೆ ಆಂಟೋನಿಯೋನಿಯ 'ಬ್ಲೋ ಅಪ್' (1966). ಪಾರ್ಕಿನಲ್ಲಿ ತೆಗೆದ ಜೋಡಿಯ ಫೋಟೊವನ್ನು ದೊಡ್ಡದು ಮಾಡುತ್ತಾ ಹೋದ ಹಾಗೆ ಪೊದೆಯಲ್ಲಿ ಪಿಸ್ತೂಲು ಕಂಡಂತಾಗುತ್ತದೆ. ಇನ್ನೂ ದೊಡ್ಡದು ಮಾಡಿದರೆ ಬರೀ ಚುಕ್ಕೆ. ಎನ್ಲಾರ್ಜರ್ ಮುಂದೆ ನಿಂತವರಿಗೆಲ್ಲ ಇದು ಗೊತ್ತು, ಗ್ರೇನ್ ಒಡೆದ ಮೇಲೆ ನಮಗೆ ಬೇಕಾದದ್ದೇ ಕಾಣುತ್ತದೆ. ಸಿನಿಮಾ ನಿಧಾನ, ನಡುವೆ ನಿದ್ದೆ ಬಂದರೆ ನನ್ನನ್ನು ಬೈಯಬೇಡಿ. ಡಾರ್ಕ್‌ರೂಮ್ ಭಾಗ ಮಾತ್ರ ತಪ್ಪಿಸಿಕೊಳ್ಳಬೇಡಿ.

ನಮ್ಮಂಥ ಊರಿನ ಸ್ಟುಡಿಯೊ ನೋಡಬೇಕಾದರೆ ಮಲಯಾಳಂನ 'ಮಹೇಶಿಂಡೆ ಪ್ರತೀಕಾರಂ' (2016). ಇಡುಕ್ಕಿಯ ಒಂದು ಸಣ್ಣ ಊರು, ಫಹಾದ್ ಫಾಸಿಲ್ ಸ್ಟುಡಿಯೊದವನು. ಎಲ್ಲರ ಮುಂದೆ ಒದೆ ತಿಂದು, ಸೇಡು ತೀರುವ ತನಕ ಚಪ್ಪಲಿ ಮೆಟ್ಟಲ್ಲ ಅಂತ ಶಪಥ ಮಾಡುತ್ತಾನೆ. ಎಲ್ಲರೂ ನೆನಪಿಟ್ಟುಕೊಳ್ಳುವುದು ಅದನ್ನೇ. ನನಗೆ ಅದಕ್ಕಿಂತ ದೊಡ್ಡ ಪೆಟ್ಟು ಅನಿಸಿದ್ದು, ಹುಡುಗಿಯೊಬ್ಬಳು ಬಂದು ಫೋಟೊ ತೆಗೆಸಿಕೊಂಡು 'ಇದು ಚೆನ್ನಾಗಿಲ್ಲ' ಅಂದು ಹೋಗುವ ಜಾಗ. ಆಮೇಲೆ ಅವನು ಫೋಟೊ ತೆಗೆಯುವುದನ್ನು ಅಪ್ಪನ ಹತ್ತಿರ ಹೊಸದಾಗಿ ಕಲಿಯುತ್ತಾನಲ್ಲ, ಪ್ರೀತಿ ಶುರುವಾಗುವುದು ಅಲ್ಲಿಂದ.

ನಾಟಕಕ್ಕೆ ಬಂದರೆ, ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರ 'ರಂಗನಾಯಕಿ' (1981), ಅಶ್ವತ್ಥರ ಕಾದಂಬರಿ ಆಧರಿಸಿದ್ದು. ಮದುವೆಗೂ ರಂಗಕ್ಕೂ ನಡುವೆ ಸಿಕ್ಕಿಕೊಂಡ ಕಂಪನಿ ನಟಿಯಾಗಿ ಆರತಿ. ಮೊದಲರ್ಧ ಕಂಪನಿ ಬದುಕನ್ನು ಬಲ್ಲವರು ಮಾಡಿದ್ದು ಅನಿಸುತ್ತದೆ. ಎರಡನೆಯರ್ಧದ ಕಣ್ಣೀರು ನನಗೆ ಸ್ವಲ್ಪ ಜಾಸ್ತಿಯಾಯಿತು. ನಮ್ಮೂರಿನ ಹೆಮ್ಮೆಗಾಗಿ ಒಂದು ಮಾತು: ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಮನೆತನದವರು ಸಿನಿಮಾಕ್ಕೂ ಕೈ ಹಾಕಿದ್ದರು. ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ 'ಗಾನಯೋಗಿ ಪಂಚಾಕ್ಷರಿ ಗವಾಯಿ'ಯ ಸಂಗೀತಕ್ಕೆ ಹಂಸಲೇಖ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಕೊಲೆಯೂ ಇಲ್ಲ, ಪ್ರೇಮವೂ ಇಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ನಾಟಕ, ಅಪರಾಧ ಎರಡೂ ಸೇರಿದ್ದು ಅಂದರೆ ಮಲಯಾಳಂನದೇ 'ಆಟ್ಟಂ'. ಒಂದು ನಾಟಕ ತಂಡ, ಹನ್ನೆರಡು ಗಂಡಸರು, ಒಬ್ಬಳೇ ನಟಿ. ಒಂದು ರಾತ್ರಿ ಅವಳ ಮೈಮೇಲೆ ಯಾರೋ ಕೈ ಹಾಕುತ್ತಾರೆ. ಮುಂದಿನದೆಲ್ಲ ಮಾತು, ಬರೀ ಮಾತು. ಗಂಡಸರು ನ್ಯಾಯ ಮಾತಾಡುತ್ತಲೇ ಒಬ್ಬೊಬ್ಬರಾಗಿ ಬಣ್ಣ ಬದಲಿಸುವುದನ್ನು ನೋಡಿ. ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಕೊಟ್ಟಿದ್ದಾರೆ, ಅಪರೂಪಕ್ಕೆ ನನಗೂ ಒಪ್ಪಿಗೆಯಾಯಿತು. ಕನ್ನಡದಲ್ಲಿ ರಂಗದಿಂದ ಎದ್ದು ಬಂದ ಕ್ರೈಮ್ ಬೇಕಾದರೆ ದಯಾಳ್ ಪದ್ಮನಾಭನ್ ಅವರ 'ಆ ಕರಾಳ ರಾತ್ರಿ' (2018). ಮೋಹನ್ ಹಬ್ಬು ಅವರ ನಾಟಕ ಅದರ ಮೂಲ. ಒಂದು ಮನೆ, ಒಂದು ರಾತ್ರಿ, ಬೇರೇನೂ ಬೇಡ.

ದುರ್ಗದವರನ್ನು ಕೇಳಿದರೆ 'ನಾಗರಹಾವು' (1972) ಬಿಟ್ಟು ಬೇರೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನೀವೂ ನೋಡಿರುತ್ತೀರಿ. ಆದರೆ ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ ಸಿನಿಮಾ ಅದು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಓದಿ ಮತ್ತೆ ನೋಡಿದರೆ ಪುಟ್ಟಣ್ಣ ಎಲ್ಲೆಲ್ಲಿ ಕತ್ತರಿ ಹಾಕಿದರು ಅಂತ ಕಾಣುತ್ತದೆ.

ಪುಸ್ತಕಗಳ ಪೈಕಿ ಎರಡೇ ಹೇಳುತ್ತೇನೆ. ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್'. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ ಸುರೇಶ, ಗೌರಿ ಒಂದು ದಿನದೊಳಗೆ ಕಳ್ಳದಂಧೆಯ ಸುಳಿಗೆ ಬೀಳುತ್ತಾರೆ. ಮದುವೆಯಾದ ಮೇಲಿನ ಪ್ರೀತಿ ಬರೆಯುವವರೇ ಕಡಿಮೆ, ಇದರಲ್ಲಿ ಅದಿದೆ. ತೇಜಸ್ವಿ ಹಕ್ಕಿ ಫೋಟೊ ತೆಗೆಯುತ್ತಿದ್ದವರು, ಕಾದು ಕೂತು ಅಭ್ಯಾಸ ಇದ್ದವರು. ಪುಟ ಪುಟದಲ್ಲೂ ಗೊತ್ತಾಗುತ್ತದೆ. ಎರಡನೆಯದು ಬಿ.ವಿ. ಕಾರಂತರ ಆತ್ಮಕಥನ, 'ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ'. ಅವರು ಹೇಳಿದ್ದನ್ನು ಬರೆದುಕೊಂಡವರು ವೈದೇಹಿ. ಹುಡುಗ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದ ಭಾಗಕ್ಕಾದರೂ ಓದಿ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ನಾನು ಓದಿದ್ದು ಡಾರ್ಕ್‌ರೂಮಿನ ಕೆಂಪು ಬಲ್ಬಿನಲ್ಲಿ, ಪ್ರಿಂಟ್ ಹೈಪೊ ದ್ರಾವಣದಲ್ಲಿ ನೆನೆಯುವ ಹೊತ್ತಿಗೆ. ಕೆಂಪು ಬೆಳಕಿನಲ್ಲಿ ಕೆಂಪು ಶಾಯಿ ಕಾಣುವುದಿಲ್ಲ. ಮುಖಪುಟದ ರಕ್ತವೆಲ್ಲ ಮಾಯವಾಗಿ ಹೆಂಗಸು ಸುಮ್ಮನೆ ಮಲಗಿದ ಹಾಗಿರುತ್ತಿತ್ತು. ಅವನ್ನು ಈಗ ಓದಿ ಅನ್ನಲಾರೆ, ನನಗೇ ಮತ್ತೆ ಓದಲು ಧೈರ್ಯ ಇಲ್ಲ.

ಕಡೆಯದಾಗಿ, ನಾಟಕ ಇಷ್ಟ ಅಂದಮೇಲೆ ಬರೀ ಸಿನಿಮಾದಲ್ಲಿ ನೋಡಿದರೆ ಹೇಗೆ? ನವೆಂಬರಿನಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಬನ್ನಿ, ಮಠದ ನಾಟಕೋತ್ಸವ ಇರುತ್ತದೆ. ಗ್ರೀಕರ ಮಾದರಿಯ ಬಯಲು ರಂಗಮಂದಿರ, ಊರೂರು ಸುತ್ತುವ ಶಿವಸಂಚಾರದ ತಂಡವೂ ಅಲ್ಲಿಯದೇ. ರಾತ್ರಿ ಚಳಿ, ಸ್ವೆಟರ್ ಇರಲಿ. ಮೇಲಿನ ಮೆಟ್ಟಿಲಲ್ಲಿ ಕೂತರೆ ರಂಗವೂ ಕಾಣುತ್ತದೆ, ನೋಡುವ ಜನರ ಮುಖವೂ ಕಾಣುತ್ತದೆ. ಕ್ಯಾಮೆರಾ ತಂದರೆ ಫ್ಲಾಷ್ ಮಾತ್ರ ಹಾಕಬೇಡಿ. 'ರಿಯರ್ ವಿಂಡೋ'ದವನು ಕೊಲೆಗಾರನ ಕಣ್ಣಿಗೆ ಹಾಕಿದ್ದ, ಪಾಪ, ನಟರೇನು ಮಾಡಿದ್ದಾರೆ?