ಓದುಗರ ಪ್ರಶ್ನೆ: ಅಜ್ಜನ ಜಾಜ್ ಬಡಾಯಿಯೇ?

ಪ್ರಶ್ನೆ: 'ಮುಂಬೈ ತಾಜ್‌ನಾಗ ಜಾಜ್ ಕೇಳೀನಿ' ಅಂತ ನಮ್ಮಜ್ಜ ಹೇಳ್ತಿದ್ರು. ಖರೇನಾ, ಬಡಾಯಿನಾ?
– ಓದುಗರೊಬ್ಬರು, ಕ್ಯಾಂಪ್, ಬೆಳಗಾವಿ

ಉತ್ತರ: ಅಜ್ಜನ ಮ್ಯಾಲೆ ಸಂಶಯ ಬ್ಯಾಡ್ರೀ! ಜಾಜ್ ಎಂದರೆ ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಸಂಗೀತ. 1935ರಲ್ಲಿ ಅಮೆರಿಕದ ಕಪ್ಪು ಪಿಟೀಲುಗಾರ ಲಿಯಾನ್ ಅಬ್ಬೆ ತನ್ನ ತಂಡವನ್ನು ತಾಜ್ ಮಹಲ್ ಹೋಟೆಲಿಗೆ ತಂದ. ಆಮೇಲೆ ಕ್ರಿಕೆಟ್ ಸ್ಮಿತ್ (ಆಟವಲ್ಲ, ಹೆಸರೇ ಹಾಗೆ) ಮತ್ತು ಪಿಯಾನೋದ ಟೆಡ್ಡಿ ವೆದರ್‌ಫರ್ಡ್ ಅಲ್ಲಿ ನುಡಿಸಿದರು.

ನನಗೆ ಇವರಿಗಿಂತ ಹತ್ತಿರದವರು ಗೋವಾದ ವಾದಕರು. ಚರ್ಚಿನ ಶಾಲೆಯಲ್ಲೇ ಸ್ವರಲಿಪಿ ಓದಲು ಕಲಿತವರು. ಮುಂಬೈಗೆ ಹೋಗುವ ಅವರ ರೈಲುದಾರಿ ಲೋಂಡಾ, ಬೆಳಗಾವಿ, ಮಿರಜ ಮೇಲೆಯೇ. ರೈಲ್ವೆಯಲ್ಲಿದ್ದ ನನ್ನ ಸೋದರಮಾವ, ಕಪ್ಪು ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತವರನ್ನು ಕಂಡರೆ 'ಬಾಜಾದವ್ರು ಹೊಂಟ್ರು' ಅನ್ನುತ್ತಿದ್ದರು. ಅಂಥವರಲ್ಲೇ ತುತ್ತೂರಿಯ ಚಿಕ್ ಚಾಕೊಲೇಟ್ ದೊಡ್ಡ ಹೆಸರು. ನಿಜನಾಮ ಆಂಟೋನಿಯೊ ಝೇವಿಯರ್ ವಾಝ್. ಅಮೆರಿಕದ ಹೆಸರಾಂತ ಜಾಜ್ ತುತ್ತೂರಿಗಾರನ ಹೆಸರಿನಲ್ಲಿ 'ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್' ಎಂದೇ ಕರೆಯುತ್ತಿದ್ದರು.

ಮುಂಬೈನ ಚರ್ಚ್‌ಗೇಟ್ ಬೀದಿಯ ಹೋಟೆಲುಗಳಲ್ಲೂ ಬ್ಯಾಂಡುಗಳಿದ್ದವು. ಆದರೆ 1949ರ ಮುಂಬೈ ಪಾನನಿಷೇಧ ಕಾಯ್ದೆ ಗ್ಲಾಸು ಖಾಲಿ ಮಾಡಿಸಿತು. ಆಗ ಮುಂಬೈ ಪ್ರಾಂತದಲ್ಲಿದ್ದ ನಮ್ಮ ಬೆಳಗಾವಿಗೂ ಅದೇ ಕಾಯ್ದೆ, ಬಿಡಿ. ಹೋಟೆಲಿನ ಸಂಬಳ ಸಾಲದೆ ಎಷ್ಟೋ ವಾದಕರು ಸಿನಿಮಾ ಸ್ಟುಡಿಯೊಗಳಲ್ಲೂ ನುಡಿಸಿದರು. ಚಿಕ್ ಚಾಕೊಲೇಟ್ ಹಿಂದಿ ಸಿನಿಮಾ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರಿಗೆ ಸಹಾಯಕರಾಗಿದ್ದರು. ರಾಮಚಂದ್ರರ ಸಂಗೀತದ 1951ರ 'ಅಲಬೇಲಾ' ಸಿನಿಮಾದ ಹಾಡುಗಳನ್ನು ಇವತ್ತು ರಾತ್ರಿ ಹಚ್ಚಿ, ತುತ್ತೂರಿಗೆ ಕಿವಿಗೊಡಿ. ಅಜ್ಜ ಕೇಳಿದ್ದು ಅದರ ಅಣ್ಣನನ್ನು.