ಮಕ್ಕಳಿಗೆ ಬರೆದಿಟ್ಟ ಮಾತು: ಚೀನೀ ಕುಟುಂಬೋಪದೇಶಗಳ ಕುರಿತು ಎರಡು ಪ್ರಶ್ನೆಗಳು

ಪ್ರಶ್ನೆ: ಪತಿಯ ಉದ್ಯೋಗದ ನಿಮಿತ್ತ ನಾವು ಮೂರು ವರ್ಷಗಳಿಂದ ಶಾಂಘೈಯಲ್ಲಿದ್ದೇವೆ. ಏಳು ವರ್ಷದ ಮಗಳು ಶಾಲೆಯಲ್ಲಿ ‘ದಿಝಿಗ್ವೆಯ್’ ಎಂಬ ಪದ್ಯಪಾಠವನ್ನು ಕಲಿತು ಬಂದು, ‘ತಂದೆತಾಯಿ ಕರೆದರೆ ಓಗೊಡಲು ತಡಮಾಡಬೇಡ’ ಎಂದು ನಮಗೆ ಅರ್ಥ ಹೇಳುತ್ತಾಳೆ. ಊರಿನಲ್ಲಿರುವ ಅತ್ತೆಯವರು ಫೋನಿನಲ್ಲಿ ಇದನ್ನು ಕೇಳಿ ಬಹಳ ಸಂತೋಷಪಟ್ಟರು. ನನಗೆ ಮಾತ್ರ, ಮಕ್ಕಳನ್ನು ಪ್ರಶ್ನೆಯನ್ನೇ ಕೇಳದ ವಿಧೇಯರನ್ನಾಗಿ ಮಾಡುವ ಪಾಠವೇನೋ ಎಂಬ ಅಳುಕಿದೆ. ಚೀನಾದ ಕುಟುಂಬೋಪದೇಶ ಪರಂಪರೆ ಎಂದರೆ ಇಷ್ಟೆಯೇ? ಇದು ಧಾರ್ಮಿಕ ಬೋಧನೆಯೇ?
— ಓದುಗರು, ಶಾಂಘೈ

ಉತ್ತರ: ನಿಮ್ಮ ಮಗಳು ಕಲಿತಿರುವುದು ಮನೆಯ ಹಿರಿಯರು ತಮ್ಮ ಮಕ್ಕಳಿಗೆಂದು ಬರೆದಿಟ್ಟ ಉಪದೇಶವಲ್ಲ, ಮೇಷ್ಟರೊಬ್ಬರು ಶಾಲೆಯ ಹುಡುಗರಿಗೆ ಬಾಯಿಪಾಠ ಮಾಡಿಸಲೆಂದು ಹೊಸೆದ ಪದ್ಯ. ಚಿಂಗ್ ವಂಶದ ಕಾಂಗ್‌ಷಿ ಚಕ್ರವರ್ತಿಯ ಕಾಲದಲ್ಲಿ (1661–1722) ಶಾಂಷಿ ಪ್ರಾಂತ್ಯದ ಲಿ ಯುಷಿಯು ಎಂಬ ಉಪಾಧ್ಯಾಯರು ಇದನ್ನು ರಚಿಸಿದರು. ಸಾಲಿಗೆ ಮೂರು ಅಕ್ಷರಗಳಂತೆ 360 ಸಾಲು, ಒಟ್ಟು 1080 ಅಕ್ಷರಗಳು. ಕಿರಿಯನಾದವನು ಮನೆಯಲ್ಲಿ ತಂದೆತಾಯಿಗೂ ಹೊರಗೆ ಹಿರಿಯರಿಗೂ ವಿನೀತನಾಗಿರಬೇಕು, ಎಚ್ಚರದಿಂದಲೂ ಸತ್ಯದಿಂದಲೂ ನಡೆಯಬೇಕು, ಎಲ್ಲರನ್ನೂ ಪ್ರೀತಿಸಿ ಸಜ್ಜನರ ಸಂಗದಲ್ಲಿರಬೇಕು, ಆಮೇಲೂ ಶಕ್ತಿ ಉಳಿದರೆ ಓದು ಕಲಿಯಬೇಕು ಎಂಬ ಕನ್‌ಫ್ಯೂಷಿಯಸನ ಒಂದು ಮಾತನ್ನು ಅದು ಬಿಡಿಸಿ ಹೇಳುತ್ತದೆ. ಹಳೆಯ ಕಾಲದ ಪಾಠಶಾಲೆಗಳಲ್ಲಿ ಮೊದಲ ಸ್ಥಾನ ಇದ್ದದ್ದು ಮೂರಕ್ಷರದ ಪಾಠ, ಕುಲನಾಮಗಳ ಪಾಠ, ಸಾವಿರ ಅಕ್ಷರಗಳ ಪಾಠ ಎಂಬ ಮೂರಕ್ಕೆ. ದಿಝಿಗ್ವೆಯ್ ದೇಶದಾದ್ಯಂತ ಹೀಗೆ ಮನೆಮಾತಾದದ್ದು ಈ ಶತಮಾನದಲ್ಲಿ, ಸಾಂಪ್ರದಾಯಿಕ ವಿದ್ಯೆಯ ಪುನರುಜ್ಜೀವನದ ಅಲೆಯ ಜೊತೆಗೆ. ಅದರಲ್ಲಿ ದೇವರಿಲ್ಲ, ಮತಬೋಧನೆಯಿಲ್ಲ. ತೀರಿಹೋದ ಹಿರಿಯರನ್ನು ವಿಧಿಪೂರ್ವಕ ನೆನೆಯಬೇಕೆಂಬ ಮಾತು ಮಾತ್ರ ಉಂಟು.

ನಿಮ್ಮ ಅಳುಕು ಪೂರ್ತಿ ಆಧಾರವಿಲ್ಲದ್ದಲ್ಲ. ತಂದೆತಾಯಿ ಗದರಿಸಿದರೆ ತಲೆಬಾಗಿ ಸ್ವೀಕರಿಸು ಎಂದು ಅದು ಹೇಳುತ್ತದೆ. ಆದರೆ ಅದೇ ಪಾಠದಲ್ಲಿ, ತಂದೆತಾಯಿ ತಪ್ಪಿದರೆ ಅವರು ತಿದ್ದಿಕೊಳ್ಳುವಂತೆ ಎಚ್ಚರಿಸು, ಮುಖದಲ್ಲಿ ಪ್ರಸನ್ನತೆಯೂ ದನಿಯಲ್ಲಿ ಮೃದುತ್ವವೂ ಇರಲಿ, ಕೇಳದಿದ್ದರೆ ಅವರ ಮನಸ್ಸು ತಿಳಿಯಾದಾಗ ಮತ್ತೆ ಹೇಳು ಎಂಬ ಸಾಲುಗಳೂ ಇವೆ. ಅದರ ಬೆನ್ನಿಗೇ, ಅಳುತ್ತ ಹಿಂದೆ ಹೋಗು, ಹೊಡೆದರೂ ಮುನಿಯಬೇಡ ಎಂದೂ ಬರುತ್ತದೆ. ಈ ಕೊನೆಯ ಸಾಲನ್ನು ಇಂದಿನ ಮಗುವಿಗೆ ಕಲಿಸಬೇಕಾದದ್ದಿಲ್ಲ ಎಂಬುದು ನನ್ನ ಅಭಿಪ್ರಾಯ. ಉಳಿದಂತೆ ಏಳು ವರ್ಷಕ್ಕೆ ಹಿತವಾದ ಸಣ್ಣ ಸಣ್ಣ ಮಾತುಗಳು ಅಲ್ಲಿ ಬೇಕಾದಷ್ಟಿವೆ: ಶೌಚದಿಂದ ಬಂದೊಡನೆ ಕೈ ತೊಳೆ, ಬೇರೆಯವರ ವಸ್ತುವನ್ನು ಕೇಳದೆ ಬಳಸಿದರೆ ಅದು ಕಳವು, ಬಾಗಿಲಲ್ಲಿ ಯಾರೆಂದು ಕೇಳಿದರೆ ಹೆಸರು ಹೇಳು, ‘ನಾನು’ ಎಂದರೆ ತಿಳಿಯುವುದಿಲ್ಲ. ಈ ಕೊನೆಯದನ್ನು ದೊಡ್ಡವರಾದ ನಾವೂ ಫೋನಿನಲ್ಲಿ ಪಾಲಿಸಬಹುದು.

ನಿಜವಾದ ಕುಟುಂಬೋಪದೇಶಕ್ಕೆ ಚೀನೀ ಭಾಷೆಯಲ್ಲಿ ‘ಜಿಯಾ ಷುನ್’ ಎನ್ನುತ್ತಾರೆ. ‘ಜಿಯಾ’ ಎಂದರೆ ಮನೆ, ‘ಷುನ್’ ಎಂದರೆ ಬುದ್ಧಿಮಾತು. ಇದರ ಮೇರುಕೃತಿ ಆರನೆಯ ಶತಮಾನದ ಯೆನ್ ಝಿತುಯಿ ತನ್ನ ಮಕ್ಕಳಿಗೆ ಬರೆದ ಇಪ್ಪತ್ತು ಅಧ್ಯಾಯಗಳ ಪುಸ್ತಕ. 531ರಲ್ಲಿ ಹುಟ್ಟಿದ ಈತ ಲಿಯಾಂಗ್, ಉತ್ತರ ಚಿ, ಉತ್ತರ ಝೋವು, ಸುಯ್ ಎಂಬ ನಾಲ್ಕು ರಾಜವಂಶಗಳ ಏಳುಬೀಳುಗಳನ್ನು ಒಂದೇ ಆಯುಷ್ಯದಲ್ಲಿ ಕಂಡವನು. ಒಂಬತ್ತನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಅವನನ್ನು ಅಣ್ಣ ಸಾಕಿದ. ಅಣ್ಣನಲ್ಲಿ ಪ್ರೀತಿಯಿತ್ತು, ಬಿಗಿಯಿರಲಿಲ್ಲ, ಆದ್ದರಿಂದ ತಾನು ಬಾಯಿಗೆ ಬಂದಂತೆ ಮಾತನಾಡುವ, ಉಡುಗೆಯ ಕಡೆ ಲಕ್ಷ್ಯವಿಲ್ಲದ ಹುಡುಗನಾಗಿ ಬೆಳೆದೆ ಎಂದು ಮೊದಲ ಅಧ್ಯಾಯದಲ್ಲಿ ತಾನೇ ಹೇಳಿಕೊಳ್ಳುತ್ತಾನೆ. ಹದಿನೆಂಟು ಹತ್ತೊಂಬತ್ತಕ್ಕೆ ಬುದ್ಧಿ ಬಂದರೂ ಹಳೆಯ ಅಭ್ಯಾಸ ಬಿಡಲಿಲ್ಲವಂತೆ. ಬೆಳಿಗ್ಗೆ ಮಾಡಿದ ತಪ್ಪು ರಾತ್ರಿ ಅರಿವಾಗುತ್ತದೆ, ನಿನ್ನೆಯ ಲೋಪಕ್ಕೆ ಇಂದು ಪಶ್ಚಾತ್ತಾಪ ಪಡುತ್ತೇನೆ, ಕಲಿಸುವವರಿಲ್ಲದೆ ಹೀಗಾದೆನೆಂದು ಮರುಗಿ ಇದನ್ನು ನಿಮಗೆ ಬರೆದಿಡುತ್ತಿದ್ದೇನೆ ಎಂಬ ಧಾಟಿಯ ಅವನ ನಿವೇದನೆಯನ್ನು ಓದಿದಾಗ, ಉಪದೇಶಕನ ಪೀಠದಲ್ಲಿ ಕುಳಿತ ದನಿ ನಮಗೆ ಕೇಳಿಸುವುದಿಲ್ಲ.

ಮಹಾತ್ಮರ ಗ್ರಂಥಗಳೆಲ್ಲ ಇರುವಾಗ ನಾನೇಕೆ ಮತ್ತೆ ಬರೆಯಬೇಕು ಎಂಬ ಪ್ರಶ್ನೆಯನ್ನು ಅವನೇ ಎತ್ತಿ, ಒಂದೇ ಮಾತನ್ನು ಹತ್ತು ಜನ ಹೇಳಿದರೂ ಮನುಷ್ಯ ನಂಬುವುದು ತನಗೆ ಹತ್ತಿರದವರನ್ನು ಎಂದು ಉತ್ತರಿಸುತ್ತಾನೆ. ಪುಂಡಾಟ ಆಡುವ ಮಕ್ಕಳು ಗುರುವಿನ ಎಚ್ಚರಿಕೆಗಿಂತ ದಾದಿಯ ಒಂದು ಗದರಿಕೆಗೆ ಬೇಗ ಸುಮ್ಮನಾಗುತ್ತಾರೆ. ಸಾಮಾನ್ಯರ ಜಗಳ ಬಿಡಿಸಲು ಯಾವೋ, ಶುನ್‌ರಂಥ ಪುರಾಣಕಾಲದ ಆದರ್ಶ ದೊರೆಗಳ ಮಾರ್ಗಕ್ಕಿಂತ ಮನೆಯಾಕೆಯ ಬುದ್ಧಿಮಾತು ಹೆಚ್ಚು ಫಲಿಸುತ್ತದೆ. ಮನೆಯ ಉಪದೇಶಕ್ಕೆ ಬಲ ಬರುವುದು ಹೇಳಿದವರ ಹಿರಿತನದಿಂದಲ್ಲ, ಸಾಮೀಪ್ಯದಿಂದ ಎಂಬ ಈ ಒಂದು ಹೊಳಹಿಗಾಗಿಯೇ ನಾನು ಆ ಪುಸ್ತಕಕ್ಕೆ ಮತ್ತೆ ಮತ್ತೆ ಮರಳುತ್ತೇನೆ. ಅದೇ ಪುಸ್ತಕದಲ್ಲಿ ಒಂದು ಸಣ್ಣ ಪ್ರಸಂಗವಿದೆ. ಉತ್ತರ ಚಿ ರಾಜ್ಯದಲ್ಲಿ ಆಳುವವರ ಭಾಷೆ ಷಿಯಾನ್‌ಬೆಯ್. ಅಲ್ಲಿನ ಅಧಿಕಾರಿಯೊಬ್ಬ, ಹದಿನೇಳು ವರ್ಷದ ತನ್ನ ಮಗನಿಗೆ ಆ ಭಾಷೆಯನ್ನೂ ಪಿಪಾ ಎಂಬ ತಂತಿವಾದ್ಯವನ್ನೂ ಕಲಿಸುತ್ತಿದ್ದೇನೆ, ಇವೆರಡಿದ್ದರೆ ದೊಡ್ಡವರ ಕೃಪೆ ಖಂಡಿತ ಎಂದು ಹೆಮ್ಮೆಪಟ್ಟುಕೊಂಡ. ಯೆನ್ ತಲೆ ತಗ್ಗಿಸಿದ, ಉತ್ತರ ಕೊಡಲಿಲ್ಲ. ಮನೆಯಲ್ಲಿ ಮಕ್ಕಳಿಗೆ ಮಾತ್ರ, ಈ ದಾರಿಯಲ್ಲಿ ಮಂತ್ರಿಪದವಿಯೇ ದೊರೆತರೂ ನೀವು ಹಾಗೆ ಮಾಡುವುದು ನನಗೆ ಬೇಡ ಎಂದು ಬರೆದ. ವೃತ್ತಿಗಾಗಿ ಭಾಷೆ ಕಲಿಯುವ ನಮ್ಮ ಕಾಲಕ್ಕೆ ಇದು ಅತಿಯೆನ್ನಿಸಬಹುದು. ಅವನ ಆಕ್ಷೇಪವಿದ್ದದ್ದು ಭಾಷೆಯ ಮೇಲಲ್ಲ, ಓಲೈಕೆಯ ಮೇಲೆ.

ವಿಧೇಯತೆಯ ಕುರಿತ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವವನು ಸೋಂಗ್ ಕಾಲದ ಯುವಾನ್ ತ್ಸಾಯ್. ಜಿಲ್ಲಾಧಿಕಾರಿಯಾಗಿ ಜನರ ಮನೆಜಗಳಗಳನ್ನು ಹತ್ತಿರದಿಂದ ಕಂಡಿದ್ದ ಈತ 1178ರಲ್ಲಿ ಮುಗಿಸಿದ ಕೃತಿಯ ಆರಂಭದಲ್ಲೇ, ಸ್ವಭಾವಗಳನ್ನು ಬಲವಂತದಿಂದ ಒಂದಾಗಿಸಲು ಬರುವುದಿಲ್ಲ ಎನ್ನುತ್ತಾನೆ. ಒಬ್ಬನದು ನಿಧಾನ, ಇನ್ನೊಬ್ಬನದು ಆತುರ. ಒಬ್ಬನಿಗೆ ಮೌನ ಪ್ರಿಯ, ಇನ್ನೊಬ್ಬನಿಗೆ ಗದ್ದಲ. ಮಗ ತನ್ನಂತೆಯೇ ಇರಬೇಕೆಂದು ತಂದೆ ಹಟ ಹಿಡಿದರೆ ಮನಸ್ತಾಪ ಅಲ್ಲಿಂದಲೇ ಶುರುವಾಗಿ ಕಡೆಯವರೆಗೂ ಕೂಡಿಬಾರದ ವಿರಸವಾಗುತ್ತದೆ ಎಂದು ಅವನು ವಿವರಿಸುತ್ತಾನೆ. ತಂದೆಗೂ ಮಗನಿಗೂ ತಮ್ಮ ತಮ್ಮ ಲೋಪಗಳನ್ನು ನೋಡಿಕೊಳ್ಳಲು ಹೇಳುವ ಈ ಬರಹ ಎಂಟುನೂರು ವರ್ಷಕ್ಕೂ ಹಳೆಯದೆಂದು ನಂಬುವುದು ಕಷ್ಟ.

ಪತ್ರರೂಪದ ಉಪದೇಶಗಳೂ ಹಲವಿವೆ. ಸೇನಾಪತಿ ಝುಗೆ ಲಿಯಾಂಗ್ ಕ್ರಿ.ಶ. 234ರಲ್ಲಿ, ಸಾಯುವ ವರ್ಷ, ಎಂಟರ ಹರೆಯದ ಮಗನಿಗೆ 86 ಅಕ್ಷರಗಳ ಪತ್ರ ಬರೆದ. ಒಳಗೆ ನೆಮ್ಮದಿಯಿಲ್ಲದವನು ದೂರ ಮುಟ್ಟಲಾರ ಎಂಬ ಅದರ ಮಾತು ಇಂದಿಗೂ ಚೀನೀ ಮನೆಗಳ ಗೋಡೆಯ ಮೇಲಿದೆ. ಇತಿಹಾಸಕಾರ ಸಿಮಾ ಗುವಾಂಗ್ (1019–1086) ಮಗ ಕಾಂಗ್‌ನಿಗೆ ಮಿತವ್ಯಯದ ಕುರಿತು ಬರೆಯುತ್ತ, ಪರೀಕ್ಷೆಯಲ್ಲಿ ಗೆದ್ದವರಿಗೆ ಏರ್ಪಡಿಸಿದ ರಾಜಭೋಜನದಲ್ಲಿ ತಾನೊಬ್ಬನೇ ಹೂ ಮುಡಿಯದೆ ಕುಳಿತಿದ್ದೆ, ಚಕ್ರವರ್ತಿ ಕೊಟ್ಟದ್ದನ್ನು ನಿರಾಕರಿಸಬಾರದೆಂದು ಜೊತೆಯವರು ಹೇಳಿದ ಮೇಲೆ ಒಂದೇ ಒಂದು ಹೂ ಸಿಕ್ಕಿಸಿಕೊಂಡೆ ಎಂದು ನೆನೆಯುತ್ತಾನೆ. ಇನ್ನು ಹುನಾನ್ ಪ್ರಾಂತ್ಯದ ತ್ಸೆಂಗ್ ಗುವೊಫಾನ್ (1811–1872) ಯುದ್ಧಭೂಮಿಯಿಂದಲೂ ತಮ್ಮಂದಿರಿಗೆ, ಮಕ್ಕಳಿಗೆ ಪತ್ರ ಬರೆದವನು. ಅಜ್ಜನಿಂದ ಬಂದ ಮನೆಪದ್ಧತಿಯನ್ನು ಅವನು ಎಂಟು ಅಕ್ಷರಗಳಲ್ಲಿ ಕಟ್ಟಿಟ್ಟ: ಬೇಗ ಏಳುವುದು, ಕಸ ಗುಡಿಸುವುದು, ಹಿರಿಯರ ಪೂಜೆ, ನೆರೆಹೊರೆಯ ಸ್ನೇಹ, ಪುಸ್ತಕ, ತರಕಾರಿ, ಮೀನು, ಹಂದಿ. ಸಾಮ್ರಾಜ್ಯದ ಅತಿ ಪ್ರಬಲ ಅಧಿಕಾರಿಗಳಲ್ಲೊಬ್ಬನಾದ ಮೇಲೂ, ಮನೆಯ ಹಿತ್ತಿಲಲ್ಲಿ ಕಾಯಿಪಲ್ಲೆ ಬೆಳೆಯುತ್ತಿದೆಯೇ, ಕೊಟ್ಟಿಗೆಯಲ್ಲಿ ಹಂದಿಗಳಿವೆಯೇ ಎಂಬುದರಲ್ಲಿ ಮನೆತನದ ಏಳಿಗೆಯನ್ನು ಅಳೆಯುವ ಈ ಲೆಕ್ಕಾಚಾರ ನನಗೆ ದೊಡ್ಡ ದೊಡ್ಡ ಸೂಕ್ತಿಗಳಿಗಿಂತ ಪ್ರಿಯ.

ಹೆಣ್ಣುಮಗುವಿನ ತಾಯಿಯಾಗಿ ನೀವು ತಿಳಿದಿರಬೇಕಾದ ಇನ್ನೊಂದು ಮುಖವಿದೆ. ಈ ಬರಹಗಳೆಲ್ಲ ಗಂಡುಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಬರೆದವು. ಸೊಸೆಯನ್ನು ಬಂದ ಹೊಸತರಲ್ಲೇ ತಿದ್ದಬೇಕು ಎಂಬ ಗಾದೆಯನ್ನು ಯೆನ್ ಒಪ್ಪಿಗೆಯಿಂದಲೇ ಉಲ್ಲೇಖಿಸುತ್ತಾನೆ, ಮಡದಿಯ ಬುದ್ಧಿಮಾತನ್ನು ಅಷ್ಟು ಹೊಗಳಿದವನೂ ಅವನೇ. ಹುಟ್ಟಿದ ಹೆಣ್ಣುಕೂಸನ್ನು ಉಳಿಸದವರನ್ನು ಅವನು ಕಟುವಾಗಿ ಖಂಡಿಸಿದ್ದಾನೆಂಬುದನ್ನೂ ಹೇಳಲೇಬೇಕು. ಪಿತೃಭಕ್ತಿಯ ಇಪ್ಪತ್ತನಾಲ್ಕು ಕಥೆಗಳ ಸಂಗ್ರಹವಂತೂ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಅದರಲ್ಲಿ ಬಡವ ಗುವೊ ಜು, ವೃದ್ಧ ತಾಯಿಯ ತುತ್ತಿಗೆ ಕೊರತೆಯಾಗುತ್ತದೆಂದು ಕೂಸನ್ನೇ ಹೂಳಲು ಗುಂಡಿ ತೋಡುತ್ತಾನೆ. ಗುಂಡಿಯಲ್ಲಿ ಚಿನ್ನ ಸಿಕ್ಕಿ ಮಗು ಉಳಿಯುತ್ತದೆ. ಬಾಲ್ಯದಲ್ಲಿ ಈ ಚಿತ್ರ ನೋಡಿ, ನಮ್ಮ ಮನೆಗೂ ಬಡತನ ಬಂದರೆ ಹೂಳಬೇಕಾಗುವುದು ನನ್ನನ್ನೇ ಅಲ್ಲವೇ ಎಂದು ನಡುಗಿದ್ದನ್ನು ಲೇಖಕ ಲು ಷುನ್ 1926ರಲ್ಲಿ ಬರೆದರು.

ಮಗಳಿಗೆ ಪದ್ಯದ ಲಯ ಹಿಡಿಸಿದ್ದರೆ ತಡೆಯಬೇಡಿ. ತಂದೆತಾಯಿಯನ್ನು ಎಚ್ಚರಿಸುವ ಸಾಲುಗಳನ್ನೂ ಅವಳಿಂದ ಹೇಳಿಸಿ, ನಿಮ್ಮ ಅತ್ತೆಯವರಿಗೂ ಅದನ್ನೇ ಕೇಳಿಸಿ.

ಪ್ರಶ್ನೆ: ಬಾಯಾರಿದಾಗ ಬಾವಿ ತೋಡಬೇಡ ಎಂಬ ಮಾತು ಚೀನಾದ ಉಪದೇಶವೊಂದರಲ್ಲಿ ಇದೆಯೆಂದು ಓದಿದೆ. ನಮ್ಮ ಗಾದೆ ಅಲ್ಲಿಂದ ಬಂದದ್ದೇ? ಹಾಗೆಯೇ, ಚೀನೀ ದಾರ್ಶನಿಕ ಮೆನ್ಸಿಯಸನ ತಾಯಿ ಮಗನಿಗಾಗಿ ಮೂರು ಬಾರಿ ಮನೆ ಬದಲಿಸಿದ ಕಥೆ ನಿಜವೇ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಸ್ಮಶಾನದ ಬಳಿಯಿದ್ದಾಗ ಹುಡುಗ ಶವಸಂಸ್ಕಾರದ ಆಟ ಆಡಿದ, ಸಂತೆಯ ಬಳಿ ವ್ಯಾಪಾರದ ಆಟ ಆಡಿದ, ಶಾಲೆಯ ಬಳಿಗೆ ಹೋದ ಮೇಲೆ ವಿಧಿವಿಧಾನಗಳನ್ನು ಅನುಕರಿಸಿದ ಎಂಬ ಈ ಕಥೆ, ಓದು ಬಿಟ್ಟ ಮಗನೆದುರು ತಾಯಿ ಮಗ್ಗದ ಮೇಲಿನ ಬಟ್ಟೆಯನ್ನೇ ಕತ್ತರಿಸಿದ ಕಥೆಯೊಡನೆ, ಲಿಯು ಷಿಯಾಂಗ್ ಸಂಗ್ರಹಿಸಿದ ಸ್ತ್ರೀಚರಿತ್ರೆಗಳಲ್ಲಿದೆ. ಲಿಯು ಬದುಕಿದ್ದು ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ, ಮೆನ್ಸಿಯಸ್ ನಾಲ್ಕನೆಯದರಲ್ಲಿ. ಆದ್ದರಿಂದ ಇದನ್ನು ಇತಿಹಾಸದ ದಾಖಲೆಯೆಂದು ತರಗತಿಯಲ್ಲಿ ಹೇಳಬಾರದು, ಕಥೆಯಾಗಿ ಹೇಳಲು ಅಡ್ಡಿಯಿಲ್ಲ.

ಬಾವಿಯ ಮಾತಿರುವುದು ಝು ಬೈಲು (1627–1698) ರಚಿಸಿದ ಮನೆವಾರ್ತೆಯ ಸೂಕ್ತಿಗಳಲ್ಲಿ. ಇದನ್ನು ಹಲವರು ಸೋಂಗ್ ಕಾಲದ ದಾರ್ಶನಿಕ ಝು ಷಿಯದೆಂದು ತಪ್ಪಾಗಿ ಹೇಳುತ್ತಾರೆ; ಕುಲನಾಮ ಒಂದೇ ಆದದ್ದು ಈ ಗೊಂದಲಕ್ಕೆ ಕಾರಣ. ಬೈಲುವಿನ ತಂದೆ 1645ರಲ್ಲಿ ಕುನ್‌ಶಾನ್ ಪಟ್ಟಣವನ್ನು, ಚಿಂಗ್ ವಂಶದ ಆಳ್ವಿಕೆ ತಂದ ಮಾಂಚು ಸೇನೆಯಿಂದ ರಕ್ಷಿಸುವಾಗ ಮಡಿದರು. ಮಗ ಹೊಸ ದೊರೆಗಳ ನೌಕರಿಗೆ ಹೋಗದೆ ಊರಲ್ಲೇ ಪಾಠ ಹೇಳಿಕೊಂಡು ಉಳಿದ. ಬೆಳಕು ಹರಿಯುತ್ತಲೇ ಎದ್ದು ಅಂಗಳ ಗುಡಿಸು ಎಂದು ಶುರುವಾಗುವ ಈ ಐನೂರು ಚಿಲ್ಲರೆ ಅಕ್ಷರಗಳ ಬರಹದಲ್ಲಿ, ಒಂದು ಬಟ್ಟಲು ಗಂಜಿಯಾಗಲಿ ಒಂದು ತುತ್ತು ಅನ್ನವಾಗಲಿ ಬಂದ ದಾರಿ ಸುಲಭದ್ದಲ್ಲವೆಂದು ನೆನೆ, ಮಳೆ ಬರುವ ಮೊದಲೇ ಮನೆ ದುರಸ್ತಿ ಮಾಡು, ಬಾಯಾರಿದಾಗ ಬಾವಿ ತೋಡಬೇಡ ಎಂಬ ಮಾತುಗಳಿವೆ.

ಆದರೆ ಬಾವಿಯ ಹೋಲಿಕೆ ಅವನ ಸ್ವಂತದ್ದೂ ಅಲ್ಲ. ರೋಗ ಬಂದ ಮೇಲೆ ಮದ್ದು ಕೊಡುವುದು ಬಾಯಾರಿದಾಗ ಬಾವಿ ತೋಡಿದಂತೆ, ಕಾಳಗ ಶುರುವಾದ ಮೇಲೆ ಆಯುಧ ಎರಕ ಹೊಯ್ದಂತೆ ಎಂದು ಚೀನಾದ ಪ್ರಾಚೀನ ವೈದ್ಯಗ್ರಂಥವೇ ಹೇಳಿದೆ. ಇತ್ತ ಭರ್ತೃಹರಿಯ ವೈರಾಗ್ಯಶತಕದಲ್ಲಿ, ಮನೆ ಹತ್ತಿ ಉರಿಯುವಾಗ ಬಾವಿ ತೋಡುವ ಪ್ರಯತ್ನ ಎಂಥದು ಎಂಬ ಪ್ರಶ್ನೆಯಿದೆ. ಕನ್ನಡದಲ್ಲಿ ಬೆಂಕಿಯ ಬಾವಿಯೂ ಇದೆ, ಬಾಯಾರಿಕೆಯ ಬಾವಿಯೂ ಇದೆ. ಬೆಂಕಿಯದಕ್ಕೆ ಸಂಸ್ಕೃತದ ನೆರಳು ಇರಬಹುದೆಂದು ಊಹಿಸಲು ಅವಕಾಶವುಂಟು. ಬಾಯಾರಿಕೆಯದಕ್ಕೆ ಚೀನಾವರೆಗೆ ಹೋಗಬೇಕಾದ ಅಗತ್ಯ ನನಗೆ ಕಾಣುವುದಿಲ್ಲ: ಬಾವಿ ತೋಡಿ ನೀರು ಕಾಣಲು ಎಷ್ಟು ದಿನ ಹಿಡಿಯುತ್ತದೆಂಬುದು ಕುನ್‌ಶಾನಿನವರಿಗೆ ಗೊತ್ತಿದ್ದಷ್ಟೇ ಧಾರವಾಡದವರಿಗೂ ಗೊತ್ತಿತ್ತು.